ಸಸ್ಯಮೂಲ ಗೊಬ್ಬರ ಮತ್ತು ಕೀಟನಿಯಂತ್ರಣ: ಕಾಸರಗೋಡು ಜಿಲ್ಲೆಯ ಭತ್ತದ ಕೃಷಿ

ಭತ್ತದ ಗದ್ದೆಯ ಫಲವತ್ತತೆಯನ್ನು ಕಾಯಲು ಹಾಗೂ ಬೆಳೆಗೆ ಬೀಳುವ ಕೀಟ, ರೋಗಗಳನ್ನು ಹತೋಟಿಯಲ್ಲಿಡಲು ಬಳಸುವ ಹಸಿರು ಸೊಪ್ಪು, ತರಗೆಲೆ, ಹಸಿರುಗೊಬ್ಬರದ ಬೆಳೆ, ಹಿಂಡಿ, ಬೂದಿ, ಬೈಹುಲ್ಲು, ಬೀಜದೆಣ್ಣೆ ಮತ್ತು ಕಷಾಯಗಳನ್ನು ಒಟ್ಟಾಗಿ ಸಸ್ಯಮೂಲ ಒಳಸುರಿಗಳು ಎನ್ನಲಾಗುತ್ತದೆ. ಕೇರಳದ ಉತ್ತರ ತುದಿಯ ಕಾಸರಗೋಡು ಜಿಲ್ಲೆಯಲ್ಲಿ ಇವುಗಳ ಬಳಕೆ ಗುಡ್ಡ, ಹಟ್ಟಿ ಮತ್ತು ಗದ್ದೆಗಳನ್ನು ಒಂದಕ್ಕೊಂದು ಹೆಣೆದ ವ್ಯವಸ್ಥೆಯಾಗಿ ಬೆಳೆದುಬಂದಿದೆ. ಗೊಬ್ಬರ ಬೇರೆ, ಔಷಧ ಬೇರೆ ಎಂಬ ವಿಂಗಡಣೆ ಈ ವ್ಯವಸ್ಥೆಯಲ್ಲಿ ಬಹುಮಟ್ಟಿಗೆ ಇರಲಿಲ್ಲ. ಗದ್ದೆಗೆ ತುಳಿದ ಸೊಪ್ಪೇ ಎಷ್ಟೋ ಕಡೆ ಕೀಟಕ್ಕೂ ಮದ್ದಾಗಿತ್ತು.

ಈ ಲೇಖನದಲ್ಲಿ ಬೇರೆಡೆಯಿಂದ ಕಡಿದು ತಂದು ಗದ್ದೆಗೆ ಹಾಕುವ ಎಲೆ ಮತ್ತು ಎಳೆಗೆಲ್ಲುಗಳನ್ನು ‘ಸೊಪ್ಪುಗೊಬ್ಬರ’ ಎಂದೂ, ಗದ್ದೆಯಲ್ಲಿಯೇ ಬಿತ್ತಿ ಬೆಳೆಸಿ ಅಲ್ಲಿಯೇ ಉತ್ತು ಮಣ್ಣಿಗೆ ಸೇರಿಸುವ ಗಿಡಗಳನ್ನು ‘ಹಸಿರುಗೊಬ್ಬರದ ಬೆಳೆ’ ಎಂದೂ ಕರೆಯಲಾಗಿದೆ. ಸೊಪ್ಪು, ಸೆಗಣಿ ಮತ್ತು ಗಂಜಲ ಸೇರಿ ಕಳಿತದ್ದು ‘ಹಟ್ಟಿಗೊಬ್ಬರ’. ಸೆಗಣಿ, ಗಂಜಲಗಳನ್ನೇ ಮುಖ್ಯವಾಗಿ ಅವಲಂಬಿಸಿದ ಜೀವಾಮೃತ, ಪಂಚಗವ್ಯದಂಥ ದ್ರವಗಳು ಈ ಲೇಖನದ ವ್ಯಾಪ್ತಿಯ ಹೊರಗಿವೆ.

ನೆಲ, ಮಳೆ ಮತ್ತು ಗದ್ದೆಗಳು

1984ರ ಮೇ 24ರಂದು ರೂಪುಗೊಂಡ ಈ ಜಿಲ್ಲೆಯ ಬಹುಭಾಗ ಮುರಕಲ್ಲಿನ ಗುಡ್ಡ, ಅವುಗಳ ನಡುವಿನ ಇಕ್ಕಟ್ಟಾದ ಕಣಿವೆ, ಪಶ್ಚಿಮಕ್ಕೆ ಕಿರಿದಾದ ಕರಾವಳಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬೀಳುತ್ತದೆ. ಈ ಮಳೆ ಸುಣ್ಣ, ಪೊಟ್ಯಾಷ್ ಮೊದಲಾದ ಕರಗುವ ಪೋಷಕಾಂಶಗಳನ್ನು ತೊಳೆದೊಯ್ಯುವುದರಿಂದ ಮಣ್ಣು ಹುಳಿಯಾಗಿಯೂ ಕಬ್ಬಿಣದ ಅಂಶ ಹೆಚ್ಚಾಗಿಯೂ ಉಳಿಯುತ್ತದೆ. ಸಾವಯವ ಅಂಶ ಕಡಿಮೆಯಾದ ಕೂಡಲೇ ನೀರನ್ನೂ ಸತ್ವವನ್ನೂ ಹಿಡಿದಿಡುವ ಶಕ್ತಿಯನ್ನು ಇಂಥ ಮಣ್ಣು ಕಳೆದುಕೊಳ್ಳುತ್ತದೆ. ಪ್ರತಿ ವರ್ಷವೂ ಸೊಪ್ಪು ಹಾಕಬೇಕಾಗಿ ಬಂದುದಕ್ಕೆ ಮೂಲ ಕಾರಣ ಇದು.

ಗದ್ದೆಗಳನ್ನು ನೀರಿನ ಆಸರೆಯ ಮೇಲೆ ಮೂರಾಗಿ ವಿಂಗಡಿಸುವುದು ಹಳೆಯ ದಕ್ಷಿಣ ಕನ್ನಡದ ಕ್ರಮ. ಕಣಿವೆಯ ತಳದಲ್ಲಿ ಸದಾ ಪಸೆಯಿರುವುದು ಬೈಲು; ಅದಕ್ಕಿಂತ ಮೇಲೆ, ತೋಡು ಅಥವಾ ಕೆರೆಯ ನೀರಿನಿಂದ ಎರಡು ಬೆಳೆ ತೆಗೆಯಬಹುದಾದುದು ಮಜಲು; ಮಳೆಯೊಂದನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. ಬೆಳೆಗಳೂ ಮೂರು. ಮಳೆಗಾಲದ್ದು ಏಣೆಲು, ಅದರ ಹಿಂದಿನಿಂದ ಬರುವುದು ಸುಗ್ಗಿ, ಬೇಸಿಗೆಯದು ಕೊಳಕೆ. ಜಿಲ್ಲೆಯ ಮಲಯಾಳ ಭಾಷಿಕ ಭಾಗಗಳಲ್ಲಿ ಇವನ್ನೇ ವಿರಿಪ್ಪು, ಮುಂಡಗನ್, ಪುಂಜ ಎನ್ನುತ್ತಾರೆ. ಬೈಲಿಗೆ ಗುಡ್ಡದಿಂದ ಇಳಿಯುವ ಮೆಕ್ಕಲು ಸಿಗುವುದರಿಂದ ಗೊಬ್ಬರ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಬೆಟ್ಟುಗದ್ದೆಯ ಸತ್ವ ಮಾತ್ರ ಮಳೆನೀರಿನೊಂದಿಗೆ ಇಳಿದುಹೋಗುವುದರಿಂದ ಅಲ್ಲಿ ಗೊಬ್ಬರದ ಬೇಡಿಕೆ ಹೆಚ್ಚು.

ಇತಿಹಾಸ

1800–01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರುಗಳಲ್ಲಿ ಸಂಚರಿಸಿ 1807ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ತುಳುನಾಡಿನ ಗದ್ದೆಗಳ ಈ ಮೂರು ವರ್ಗಗಳನ್ನು ದಾಖಲಿಸಿದ್ದಾನೆ. 1894ರಲ್ಲಿ ಜೆ. ಸ್ಟರಕ್ ಸಿದ್ಧಪಡಿಸಿದ ದಕ್ಷಿಣ ಕೆನರಾ ಜಿಲ್ಲಾ ಕೈಪಿಡಿಯಲ್ಲಿಯೂ ಭತ್ತದ ಬೇಸಾಯದ ವಿವರಗಳಿವೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಕಾಸರಗೋಡು ತಾಲೂಕು ಇದೇ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಹೀಗಾಗಿ ಗೊಬ್ಬರದ ಪದ್ಧತಿಗಳೂ ಅವಕ್ಕೆ ಸಂಬಂಧಿಸಿದ ಭೂಹಕ್ಕುಗಳೂ ಅಲ್ಲಿಂದಲೇ ಬಂದವು.

ಆ ಹಕ್ಕುಗಳಲ್ಲಿ ಮುಖ್ಯವಾದುದು ಕುಮ್ಕಿ. ಹಳೆಯ ವರ್ಗ ಜಮೀನಿನ (ಕಂದಾಯ ಕಟ್ಟುವ ಹಿಡುವಳಿಯ) ಗಡಿಯಿಂದ 4.5 ಚೈನು, ಎಂದರೆ ಸುಮಾರು 90 ಮೀಟರ್ ದೂರದೊಳಗಿನ ಸರಕಾರಿ ಪಾಳುಭೂಮಿಯಲ್ಲಿ ಸೊಪ್ಪು ಕಡಿಯಲು, ತರಗೆಲೆ ಗುಡಿಸಲು, ದನ ಮೇಯಿಸಲು ಮತ್ತು ಬೇಸಾಯಕ್ಕೆ ಬೇಕಾದ ಮರಮಟ್ಟು ತರಲು ಆ ವರ್ಗದಾರನಿಗೆ ಇದ್ದ ಸವಲತ್ತು ಇದು. ಭೂಮಿಯ ಒಡೆತನ ಸರಕಾರದ್ದು, ಸೊಪ್ಪು ಬೇಸಾಯಗಾರನದು. ಕಂದಾಯ ಕಟ್ಟುವ ಗದ್ದೆಗೆ ಕಂದಾಯವಿಲ್ಲದ ಗುಡ್ಡವೊಂದು ಬೆನ್ನಿಗಿರಬೇಕು ಎಂಬ ಅರಿವು ಈ ನಿಯಮದ ಹಿಂದೆ ಇದ್ದಿರಬೇಕು. ಗೊಬ್ಬರದ ಮೂಲವನ್ನೇ ಹಕ್ಕಾಗಿ ಬರೆದಿಟ್ಟ ಇಂಥ ಏರ್ಪಾಡುಗಳು ಹೆಚ್ಚಿಲ್ಲ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟ ಇದಕ್ಕೆ ಹತ್ತಿರದ್ದು, ಆದರೆ ಅದು ಅಡಿಕೆ ತೋಟಕ್ಕೆ ಅಂಟಿಕೊಂಡದ್ದು.

ಸೊಪ್ಪು ಗುಡ್ಡದಿಂದ ನೇರವಾಗಿ ಗದ್ದೆಗೆ ಹೋಗುತ್ತಿದ್ದುದು ನಾಟಿಯ ಹೊತ್ತಿಗೆ ಮಾತ್ರ. ಉಳಿದ ದಿನಗಳಲ್ಲಿ ಅದರ ದಾರಿ ಹಟ್ಟಿಯ ಮೂಲಕ. ಮಳೆಗಾಲದಲ್ಲಿ ಹಸಿರು ಸೊಪ್ಪನ್ನೂ ಬೇಸಿಗೆಯಲ್ಲಿ ತರಗೆಲೆಯನ್ನೂ ದನಗಳ ಕಾಲಡಿಗೆ ಹರವಲಾಗುತ್ತಿತ್ತು. ಸೆಗಣಿ, ಗಂಜಲದಲ್ಲಿ ನೆನೆದು ತುಳಿತಕ್ಕೆ ಸಿಕ್ಕ ಸೊಪ್ಪಿನ ಮೇಲೆ ಮತ್ತೆ ಸೊಪ್ಪು ಬೀಳುತ್ತಿತ್ತು. ಹೀಗೆ ಪದರವಾಗಿ ಏರಿದ್ದನ್ನು ಆಗಾಗ ಕೆರೆದು ಗೊಬ್ಬರದ ಗುಂಡಿಗೆ ಹಾಕುತ್ತಿದ್ದರು. ಕಡಿಮೆ ಮೇವಿನಲ್ಲಿ ಬದುಕುವ, ಗುಡ್ಡದಲ್ಲಿ ಮೇಯುವ ಕಾಸರಗೋಡು ಗಿಡ್ಡ ತಳಿಯ ದನಗಳು ಈ ಕ್ರಮಕ್ಕೆ ಒಗ್ಗಿದ್ದವು.

ಗೊಬ್ಬರದ ಬಗೆಗಳು

*ಸೊಪ್ಪುಗೊಬ್ಬರ.* ಗುಡ್ಡದ ಸೊಪ್ಪೆಲ್ಲ ಒಂದೇ ತರದ್ದಲ್ಲ. ಮರುವ, ಬಣಪು, ಮಾವಿನಂಥ ಮರಗಳ ದಪ್ಪ ಎಲೆ ನಿಧಾನವಾಗಿ ಕೊಳೆಯುತ್ತದೆ. ಹಟ್ಟಿಗೆ ಹರವಲು ಅದು ಸೂಕ್ತ. ಹೊಂಗೆ, ಎಕ್ಕ, ಕಾಸರಕ, ನೆಕ್ಕಿಗಳ ಎಲೆ ಬೇಗ ಕರಗುವುದರಿಂದ ನೇರವಾಗಿ ಗದ್ದೆಗೆ ತುಳಿಯಬಹುದು. ಇವುಗಳಲ್ಲಿ ಹೊಂಗೆ ದ್ವಿದಳ ಸಸ್ಯವಾದ್ದರಿಂದ ಸಾರಜನಕದಲ್ಲಿ ಶ್ರೀಮಂತ. ಅಮೆರಿಕ ಖಂಡದಿಂದ ಬಂದು ಹಬ್ಬಿದ ಕಳೆಗಿಡವೊಂದನ್ನು ಕೇರಳದಲ್ಲಿ ಕಮ್ಯುನಿಸ್ಟ್ ಪಚ್ಚೆ ಎಂದು ಕರೆಯುತ್ತಾರೆ. ಹೂ ಬಿಡುವ ಮುಂಚೆ ಕಡಿದರೆ ಅದೂ ಒಳ್ಳೆಯ ಸೊಪ್ಪೇ. ಹೂಬಿಟ್ಟ ಮೇಲೆ ಕಡಿದು ತಂದರೆ ಕಳೆಯ ಬೀಜವನ್ನು ಗದ್ದೆಯ ಹುಣಿಗೆ (ಬದುವಿಗೆ) ಹೊತ್ತು ತಂದಂತಾಗುತ್ತದೆ.

ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು ಗ್ಲಿರಿಸೀಡಿಯಾ. ಕನ್ನಡದಲ್ಲಿ ಗೊಬ್ಬರದ ಗಿಡ, ಮಲಯಾಳದಲ್ಲಿ ಶೀಮಕೊನ್ನ. ಮಧ್ಯ ಅಮೆರಿಕದ ಈ ದ್ವಿದಳ ಮರವನ್ನು ಗೆಲ್ಲು ಊರಿಯೇ ಬೆಳೆಸಬಹುದು. ಬೇಲಿಯಾಗಿ ನಿಲ್ಲುತ್ತದೆ, ವರ್ಷಕ್ಕೆ ಎರಡು ಮೂರು ಬಾರಿ ಕಡಿದರೂ ಚಿಗುರುತ್ತದೆ. ಅದರ ಒಣ ಎಲೆಯಲ್ಲಿ ಶೇ. 3ರ ಆಸುಪಾಸು ಸಾರಜನಕವಿರುತ್ತದೆ. ಗುಡ್ಡದ ಸೊಪ್ಪು ಕೈಗೆ ಸಿಗದ ಕಡೆಗಳಲ್ಲಿ ಕಾಡಿನ ಕೆಲಸವನ್ನು ಬೇಲಿಯೇ ಮಾಡುವಂತಾದುದು ಈ ಗಿಡದಿಂದ.

*ಹಸಿರುಗೊಬ್ಬರದ ಬೆಳೆ.* ದಯಿಂಚ, ಸೆಣಬು ಮತ್ತು ಅಲಸಂಡೆ ಈ ಗುಂಪಿನ ಮುಖ್ಯ ಬೆಳೆಗಳು. ಏಣೆಲಿಗೆ ಮುಂಚಿನ ಮೇ ತಿಂಗಳ ಮಳೆಗೆ ಬಿತ್ತಿ, 45ರಿಂದ 50 ದಿನಗಳಲ್ಲಿ ಹೂ ಕಾಣುವ ಹೊತ್ತಿಗೆ ಉತ್ತು ಸೇರಿಸುವುದು ಕ್ರಮ. ನೀರು ನಿಲ್ಲುವ ಗದ್ದೆಗೆ ದಯಿಂಚ, ನೀರು ಬಸಿದುಹೋಗುವ ಗದ್ದೆಗೆ ಸೆಣಬು ಹೊಂದುತ್ತದೆ. ಚೆನ್ನಾಗಿ ಬೆಳೆದ ದಯಿಂಚ ಹೆಕ್ಟೇರಿಗೆ 10ರಿಂದ 20 ಟನ್ ಹಸಿರು ರಾಶಿಯನ್ನು ಕೊಡುತ್ತದೆ. ದಯಿಂಚದ ಹತ್ತಿರದ ಸಂಬಂಧಿಯಾದ ಸೆಸ್ಬೇನಿಯ ರೋಸ್ಟ್ರೇಟಾದಲ್ಲಿ ಬೇರಿನಲ್ಲಷ್ಟೇ ಅಲ್ಲದೆ ಕಾಂಡದಲ್ಲಿಯೂ ಸಾರಜನಕ ಹಿಡಿಯುವ ಗಂಟುಗಳಿರುವುದರಿಂದ ನೀರಿನಲ್ಲಿ ಮುಳುಗಿದರೂ ಅದರ ಕೆಲಸ ನಿಲ್ಲುವುದಿಲ್ಲ. ಒಣ ಬಿತ್ತನೆಯ ಬೆಟ್ಟುಗದ್ದೆಯಲ್ಲಿ ಭತ್ತದ ಜೊತೆಗೇ ಅಲಸಂಡೆ ಬಿತ್ತುವ ಕ್ರಮವೂ ಉಂಟು. ಮಳೆ ಬಲಿತು ಗದ್ದೆಯಲ್ಲಿ ನೀರು ನಿಂತಾಗ ಅಲಸಂಡೆ ತಾನಾಗಿಯೇ ಕೊಳೆತು ಭತ್ತಕ್ಕೆ ಗೊಬ್ಬರವಾಗುತ್ತದೆ.

ಮೊದಲ ಬೆಳೆಗೆ ಹಸಿರುಗೊಬ್ಬರ ಬೆಳೆಸಲು ಸಿಗುವ ಕಾಲ ಬಹಳ ಕಿರಿದು. ಮೇ ತಿಂಗಳಲ್ಲಿ ಮಳೆ ಕೈಕೊಟ್ಟರೆ ಬೀಜ ಮೊಳೆಯುವುದಿಲ್ಲ. ಜೂನ್ ಮೊದಲ ವಾರವೇ ಜಡಿಮಳೆ ಹಿಡಿದರೆ ಗಿಡ ಬೆಳೆಯುವ ಮೊದಲು ನಾಟಿಯ ದಿನ ಬಂದುಬಿಡುತ್ತದೆ. ಆದ್ದರಿಂದ ಕೊಳಕೆ ಬೆಳೆಯಿಲ್ಲದ ಮಜಲು ಗದ್ದೆಗಳಲ್ಲಿ ಸುಗ್ಗಿ ಕೊಯ್ಲಾದ ಕೂಡಲೇ ಉಳಿದ ಪಸೆಯಲ್ಲಿ ಅಲಸಂಡೆ, ಉದ್ದು, ಹೆಸರು ಬಿತ್ತಿ, ಕಾಯಿ ಕೊಯ್ದು ಬಳ್ಳಿಯನ್ನು ಉಳುವುದು ಹೆಚ್ಚು ನಂಬಿಕೆಯ ದಾರಿ.

*ಅಜೋಲ.* ನೀರಿನ ಮೇಲೆ ತೇಲುವ ಈ ಚಿಕ್ಕ ಜರೀಗಿಡದ ಎಲೆಯೊಳಗೆ ನೆಲೆಸಿರುವ ಅನಬೀನ ಎಂಬ ನೀಲಿಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಗದ್ದೆಯಲ್ಲಿ ಹರಡಿ ಮಣ್ಣಿಗೆ ತುಳಿದರೆ ಒಂದು ಬೆಳೆಗೆ ಹೆಕ್ಟೇರಿಗೆ 20ರಿಂದ 40 ಕಿಲೋ ಸಾರಜನಕ ಸಿಗಬಹುದು. ನೀರಿನ ಮೇಲೆ ಹೊದಿಕೆಯಾಗಿ ನಿಂತು ಕಳೆಯನ್ನೂ ತಡೆಯುತ್ತದೆ. ಏಣೆಲಿನಲ್ಲಿ ಹುಣಿ ಮೀರಿ ಹರಿಯುವ ನೀರಿನೊಂದಿಗೆ ಕೊಚ್ಚಿಹೋಗುವುದರಿಂದ ಇದು ಸುಗ್ಗಿಗೆ ತಕ್ಕುದು.

*ಹಿಂಡಿ.* ಎಣ್ಣೆ ತೆಗೆದ ಬೀಜದ ಉಳಿಕೆ. ಬೇವಿನ ಹಿಂಡಿಯಲ್ಲಿ ಶೇ. 5ರಷ್ಟು, ಹೊಂಗೆ ಮತ್ತು ಹರಳಿನ ಹಿಂಡಿಯಲ್ಲಿ ಶೇ. 4ರಷ್ಟು, ನೆಲಗಡಲೆ ಹಿಂಡಿಯಲ್ಲಿ ಶೇ. 7ರಷ್ಟು ಸಾರಜನಕ ಇರುತ್ತದೆ. ಗರುಡಫಲದ, ಎಂದರೆ ಮಲಯಾಳದ ಮರೋಟ್ಟಿಯ ಹಿಂಡಿ ಕೇರಳದಲ್ಲಿ ಮಣ್ಣಿನ ಕೀಟಗಳ ವಿರುದ್ಧವೂ ಬಳಕೆಯಾಗುತ್ತದೆ. ಬೇವಿನ ಮರಕ್ಕೆ ಒಣಹವೆ ಬೇಕು. ಈ ಜಿಲ್ಲೆಯ ಮಳೆಯಲ್ಲಿ ಅದು ಹೇರಳವಾಗಿ ಬೆಳೆಯುವುದಿಲ್ಲ. ಬೇವಿನ ಹಿಂಡಿ, ಬೇವಿನೆಣ್ಣೆ ಎರಡೂ ಹೆಚ್ಚಾಗಿ ಅಂಗಡಿಯಿಂದ ಬರುವ ಸರಕುಗಳು. ಊರಿನಲ್ಲೇ ಸಿಗುವವು ಹೊಂಗೆ, ಕಾಸರಕ, ನೆಕ್ಕಿ ಮತ್ತು ಗರುಡಫಲ.

*ಬೂದಿ ಮತ್ತು ಸುಡುಮಣ್ಣು.* ಒಲೆಯ ಬೂದಿ, ಹೊಟ್ಟಿನ ಬೂದಿಗಳು ಪೊಟ್ಯಾಷನ್ನು ಒದಗಿಸಿ ಮಣ್ಣಿನ ಹುಳಿಯನ್ನು ತುಸು ತಗ್ಗಿಸುತ್ತವೆ. ಕಡ್ಡಿ ಕಸ, ತರಗೆಲೆಗಳ ಮೇಲೆ ಮೇಲ್ಮಣ್ಣು ಹೇರಿ, ಹೊಗೆಯಾಡುತ್ತ ನಿಧಾನವಾಗಿ ಉರಿಯುವಂತೆ ಬೆಂಕಿ ಕೊಟ್ಟು ತಯಾರಿಸುವುದು ಸುಡುಮಣ್ಣು. ಇದು ನೇಜಿ (ಸಸಿ) ಗದ್ದೆಗೂ ಬೆಟ್ಟುಗದ್ದೆಗೂ ಪ್ರಿಯವಾದ ಗೊಬ್ಬರ. ಬೆಂಕಿಯ ಕಾವಿನಲ್ಲಿ ಕಳೆಬೀಜ ಮತ್ತು ಮಣ್ಣಿನ ಹುಳುಗಳು ಸಾಯುತ್ತವೆ, ರಂಜಕ ಮತ್ತು ಪೊಟ್ಯಾಷ್ ಬೇರಿಗೆ ದಕ್ಕುವ ರೂಪಕ್ಕೆ ಬರುತ್ತವೆ. ಸಾರಜನಕ ಮತ್ತು ಸಾವಯವ ಅಂಶ ಮಾತ್ರ ಹೊಗೆಯಾಗಿ ಹೋಗುತ್ತವೆ.

*ತೋಟದ ಉಳಿಕೆಗಳು.* ಜಿಲ್ಲೆಯ ತೆಂಗು, ಅಡಿಕೆ ತೋಟಗಳಿಂದ ಬೀಳುವ ಮಡಲು, ಸೋಗೆ, ಹಾಳೆಗಳು ಗಟ್ಟಿ ನಾರಿನವು. ನೇರವಾಗಿ ಗದ್ದೆಗೆ ಹಾಕಿದರೆ ಒಂದು ಬೆಳೆಯ ಕಾಲದಲ್ಲಿ ಕೊಳೆಯುವುದಿಲ್ಲ. ಕಾಸರಗೋಡಿನ ಕುಡ್ಲು ಎಂಬಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಎಂದರೆ ಸಿಪಿಸಿಆರ್‌ಐ, ಇದಕ್ಕೊಂದು ಪರಿಹಾರ ಕಂಡುಕೊಂಡಿತು. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು 1970ರಲ್ಲಿ ಈಗಿನ ರೂಪ ಪಡೆದ ಈ ಸಂಸ್ಥೆ, ತೆಂಗಿನ ಗರಿಯನ್ನು ತಿಂದು ಅರಗಿಸಬಲ್ಲ ಯೂಡ್ರಿಲಸ್ ಜಾತಿಯ ಸ್ಥಳೀಯ ಎರೆಹುಳವನ್ನು ಗುರುತಿಸಿ ಎರೆಗೊಬ್ಬರದ ವಿಧಾನವನ್ನು ರೂಪಿಸಿದೆ. ಗರಿಯನ್ನು ಕೆಲವು ವಾರ ಬಿಸಿಲು ಮಳೆಗೆ ಬಿಟ್ಟು, ಸೆಗಣಿ ಬೆರೆಸಿ, ನಂತರ ಹುಳ ಬಿಡುವುದು ಕ್ರಮ. ಹೀಗೆ ತಯಾರಾದ ಗೊಬ್ಬರ ಹೆಚ್ಚಾಗಿ ತೋಟಕ್ಕೂ ತರಕಾರಿಗೂ ಹೋಗುತ್ತದೆ. ಗದ್ದೆಗೆ ಸಿಗುವುದು ನೇಜಿಯ ಮಟ್ಟಿಗೆ.

*ಬೈಹುಲ್ಲು.* ಭತ್ತ ಹೀರಿದ ಪೊಟ್ಯಾಷ್ ಮತ್ತು ಸಿಲಿಕಾದ ಬಹುಪಾಲು ಹುಲ್ಲಿನಲ್ಲಿ ಉಳಿದಿರುತ್ತದೆ. ಹುಲ್ಲು ದನದ ಹೊಟ್ಟೆ ಸೇರಿ ಹಟ್ಟಿಗೊಬ್ಬರವಾಗಿ ಮರಳಿದರೆ ಲೆಕ್ಕ ಸರಿಹೋಗುತ್ತದೆ, ಊರು ಬಿಟ್ಟು ಮಾರಾಟವಾದರೆ ಗದ್ದೆಯ ಪೊಟ್ಯಾಷ್ ಕೂಡ ಅದರೊಂದಿಗೆ ಹೋದಂತೆ.

ಪ್ರಮಾಣ ಮತ್ತು ಕ್ರಿಯೆ

ಭತ್ತಕ್ಕೆ ಹೆಕ್ಟೇರಿಗೆ 5 ಟನ್ ಹಟ್ಟಿಗೊಬ್ಬರ, ಕಂಪೋಸ್ಟ್ ಅಥವಾ ಹಸಿರು ಸೊಪ್ಪು ಎಂಬುದು ಕೇರಳ ಕೃಷಿ ವಿಶ್ವವಿದ್ಯಾಲಯದ ಶಿಫಾರಸು. ಅದರೊಂದಿಗೆ ಹುಳಿ ಮಣ್ಣಿಗಾಗಿ 600 ಕಿಲೋ ಸುಣ್ಣವನ್ನು ಎರಡು ಕಂತಿನಲ್ಲಿ ಕೊಡಬೇಕು: ಮೊದಲ ಉಳುಮೆಗೆ 350 ಕಿಲೋ, ಸುಮಾರು ಒಂದು ತಿಂಗಳ ಬಳಿಕ 250 ಕಿಲೋ. ಮಧ್ಯಮಾವಧಿಯ ಅಧಿಕ ಇಳುವರಿ ತಳಿಗೆ ಅದೇ ಶಿಫಾರಸಿನಲ್ಲಿರುವ ಸಾರಜನಕ 90 ಕಿಲೋ.

ಈ ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದರೆ ಸೊಪ್ಪಿನ ಶಕ್ತಿಯೂ ಮಿತಿಯೂ ಕಾಣುತ್ತದೆ. 5 ಟನ್ ಹಸಿ ಗ್ಲಿರಿಸೀಡಿಯಾ ಸೊಪ್ಪಿನಲ್ಲಿ ನೀರಿನಂಶ ಕಳೆದರೆ ಉಳಿಯುವ ಒಣ ಪದಾರ್ಥ 1 ಟನ್ನಿಗಿಂತ ತುಸು ಹೆಚ್ಚು. ಅದರಲ್ಲಿ ಶೇ. 3ರಂತೆ ಸಾರಜನಕ ಸುಮಾರು 30 ಕಿಲೋ. ಅಂದರೆ ಅಧಿಕ ಇಳುವರಿ ತಳಿಯ ಬೇಡಿಕೆಯ ಮೂರನೇ ಒಂದು ಪಾಲು. ಪೂರ್ತಿ ಸೊಪ್ಪಿನಿಂದಲೇ ಒದಗಿಸಬೇಕಾದರೆ ಹೆಕ್ಟೇರಿಗೆ 15 ಟನ್ ಬೇಕು. ಅಷ್ಟನ್ನು ಕಡಿಯುವ, ಹೊರುವ ಆಳು ಇಂದು ಯಾವ ಬೈಲಿನಲ್ಲೂ ಸಿಗುವುದು ಕಷ್ಟ. ಎತ್ತರವಾಗಿ ಬೆಳೆದು ಕಡಿಮೆ ಗೊಬ್ಬರದಲ್ಲಿ ತೆನೆಬಿಡುವ ಊರಿನ ತಳಿಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವಕ್ಕೆ ಸಾರಜನಕ ಹೆಚ್ಚಾದರೆ ಪೈರು ಅಡ್ಡಬೀಳುತ್ತದೆ. ಹೀಗಾಗಿ ಸೊಪ್ಪುಗೊಬ್ಬರದ ಯಶಸ್ಸು ತಳಿಯ ಆಯ್ಕೆಯೊಂದಿಗೆ ಕೂಡಿಕೊಂಡಿದೆ.

ಸೊಪ್ಪನ್ನು ನಾಟಿಗೆ 10ರಿಂದ 15 ದಿನ ಮೊದಲೇ ಕೆಸರಿಗೆ ತುಳಿಯಬೇಕು. ನೀರು ನಿಂತ ಗದ್ದೆಯಲ್ಲಿ ಗಾಳಿಯಾಡದೆ ಕೊಳೆಯುವಾಗ ಮೊದಲ ವಾರ ಸಾವಯವ ಆಮ್ಲಗಳು ಹುಟ್ಟಿ ಎಳೆಯ ಬೇರನ್ನು ಸುಡುತ್ತವೆ. ಆ ಹಂತ ದಾಟಿದ ಮೇಲೆ ಸಾರಜನಕ ಅಮೋನಿಯ ರೂಪದಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ನೀರು ನಿಂತಿರುವವರೆಗೆ ಈ ರೂಪ ಮಣ್ಣಿಗೆ ಅಂಟಿಕೊಂಡಿದ್ದು ಮಳೆಗೆ ಸುಲಭವಾಗಿ ತೊಳೆದುಹೋಗುವುದಿಲ್ಲ. ಮುರಕಲ್ಲು ಮಣ್ಣಿನಲ್ಲಿ ಹಸಿ ಸೊಪ್ಪು ವಿಪರೀತವಾದರೆ ಇನ್ನೊಂದು ತೊಂದರೆಯೂ ಇದೆ. ಕೊಳೆತದ ಭರದಲ್ಲಿ ಕಬ್ಬಿಣ ಕರಗುವ ರೂಪಕ್ಕೆ ತಿರುಗಿ ನೀರಿನ ಮೇಲೆ ತುಕ್ಕುಬಣ್ಣದ ಪೊರೆ ಕಟ್ಟುತ್ತದೆ, ಎಲೆಗಳಲ್ಲಿ ಕಂದು ಚುಕ್ಕೆ ಮೂಡುತ್ತದೆ. ಆಗ ಗದ್ದೆಯ ನೀರು ಬಸಿದು, ಸುಣ್ಣ ಅಥವಾ ಬೂದಿ ಎರಚುವುದು ಪರಿಹಾರ. ಕೊಳೆಯುವ ಸೊಪ್ಪಿನಿಂದ ಮೀಥೇನ್ ಅನಿಲವೂ ಹೊಮ್ಮುತ್ತದೆ. ಚೆನ್ನಾಗಿ ಕಳಿತ ಗೊಬ್ಬರದಿಂದ ಇದು ಕಡಿಮೆ.

ಕೀಟ ಮತ್ತು ರೋಗ ನಿಯಂತ್ರಣ

ಜಿಲ್ಲೆಯ ಭತ್ತಕ್ಕೆ ಬೀಳುವ ಮುಖ್ಯ ಕೀಟಗಳು: ಸುಳಿಯನ್ನು ಒಣಗಿಸಿ ಬಿಳಿತೆನೆ ಮಾಡುವ ಕಾಂಡಕೊರಕ, ಸುಳಿಯನ್ನು ಈರುಳ್ಳಿ ಎಲೆಯಂಥ ಕೊಳವೆಯಾಗಿಸುವ ಕಣೆನೊಣ, ಎಲೆ ಸುತ್ತಿ ಒಳಗಿಂದ ಕೆರೆಯುವ ಎಲೆಸುರುಳಿ ಹುಳು, ಎಲೆಯ ತುಂಡಿನೊಳಗೆ ಕುಳಿತು ನೀರಿನಲ್ಲಿ ತೇಲುವ ಕೊಳವೆಹುಳು, ಬುಡದಲ್ಲಿ ರಸ ಹೀರುವ ಕಂದು ಜಿಗಿಹುಳು, ಹಾಲುತುಂಬಿದ ಕಾಳನ್ನು ಹೀರಿ ಜೊಳ್ಳಾಗಿಸುವ ತೆನೆತಿಗಣೆ, ಎಂದರೆ ಮಲಯಾಳದ ಚಾಳಿ. ರೋಗಗಳಲ್ಲಿ ಬೆಂಕಿರೋಗ, ಎಲೆಕವಚದ ಕೊಳೆ ಮತ್ತು ದುಂಡಾಣು ಎಲೆ ಅಂಗಮಾರಿ ಮುಖ್ಯ.

ಗೊಬ್ಬರವೇ ಮೊದಲ ಹತೋಟಿ. ಸಾರಜನಕ ಒಮ್ಮೆಲೇ ಹೆಚ್ಚು ಸಿಕ್ಕ ಪೈರಿನ ಎಲೆ ಮೆದುವಾಗಿ, ದಟ್ಟ ಹಸಿರಾಗಿ ಎಲೆಸುರುಳಿ ಹುಳುವನ್ನೂ ಜಿಗಿಹುಳುವನ್ನೂ ಬೆಂಕಿರೋಗವನ್ನೂ ಕರೆಯುತ್ತದೆ. ನಿಧಾನವಾಗಿ ಕರಗುವ ಸೊಪ್ಪುಗೊಬ್ಬರದಲ್ಲಿ ಈ ಅಪಾಯ ಕಡಿಮೆ. ಹುಲ್ಲು ಮತ್ತು ಹೊಟ್ಟಿನ ಬೂದಿಯ ಸಿಲಿಕಾ ಕಾಂಡದ ಹೊರಪದರವನ್ನು ಗಡುಸಾಗಿಸಿ ಕೊರಕಕ್ಕೂ ಬೆಂಕಿರೋಗಕ್ಕೂ ತಡೆಯೊಡ್ಡುತ್ತದೆ.

*ಕಾಸರಕ.* ಗುಡ್ಡಗಳಲ್ಲಿ ತಾನಾಗಿ ಬೆಳೆಯುವ, ಮಲಯಾಳದಲ್ಲಿ ಕಾಂಞಿರವೆನ್ನುವ ಈ ಮರದಲ್ಲಿ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಎಂಬ ಕಹಿವಿಷಗಳಿವೆ. ಇದರ ಸೊಪ್ಪನ್ನು ಗದ್ದೆಗೆ ತುಳಿದರೆ ಮಣ್ಣಿನ ಹುಳುಗಳ ಕಾಟ ಕಡಿಮೆಯಾಗುತ್ತದೆಂಬುದು ಉತ್ತರ ಕೇರಳದ ಮತ್ತು ತುಳುನಾಡಿನ ಬೇಸಾಯಗಾರರ ಅನುಭವ. ಪೈರಿನ ನಡುವೆ ಕಾಸರಕದ ಗೆಲ್ಲು ಊರುವ ರೂಢಿಯೂ ತುಳುನಾಡಿನಲ್ಲಿದೆ. ಅದರಲ್ಲಿ ಪಿಡುಗು ತೊಲಗಲಿ ಎಂಬ ಆಚರಣೆಯ ಭಾಗವಿದ್ದರೂ, ಊರಿದ ಗೆಲ್ಲಿನ ಮೇಲೆ ಹಕ್ಕಿಗಳು ಕುಳಿತು ಹುಳು ಹೆಕ್ಕುವುದು ಕಣ್ಣಿಗೆ ಕಾಣುವ ಪ್ರಯೋಜನ.

*ಈಂತ್.* ಮಲಯಾಳದಲ್ಲಿ ಈಂತ್ ಎನ್ನುವ ಸೈಕಸ್ ಗಿಡದ ಗಂಡು ಹೂಗೊನೆಗೆ ಕಟುವಾದ ವಾಸನೆಯಿದೆ. ತೆನೆ ಹಾಲುತುಂಬುವ ಹೊತ್ತಿಗೆ ಇದನ್ನು ತುಂಡರಿಸಿ ಕೋಲಿಗೆ ಸಿಕ್ಕಿಸಿ ಗದ್ದೆಯ ಅಲ್ಲಲ್ಲಿ ನಿಲ್ಲಿಸಿ ತೆನೆತಿಗಣೆಯನ್ನು ದೂರವಿಡುವುದು ಕೇರಳದಲ್ಲಿ ದಾಖಲಾಗಿರುವ ಪದ್ಧತಿ. ಪರಿಣಾಮ ಕೆಲವು ದಿನ ಮಾತ್ರ. ಹೂ ಒಣಗಿದಂತೆ ವಾಸನೆಯೂ ಹೋಗುತ್ತದೆ.

*ಬೇವು.* ಬೇವಿನ ಬೀಜದ ಅಜಾಡಿರಾಕ್ಟಿನ್ ಹುಳುವನ್ನು ಕೂಡಲೇ ಕೊಲ್ಲುವುದಿಲ್ಲ. ತಿನ್ನುವ ಆಸೆಯನ್ನು ಕುಂದಿಸುತ್ತದೆ, ಪೊರೆ ಕಳಚುವ ಕ್ರಿಯೆಯನ್ನು ಕೆಡಿಸುತ್ತದೆ, ಮೊಟ್ಟೆಯಿಡುವುದನ್ನು ತಗ್ಗಿಸುತ್ತದೆ. ಸಿಂಪಡಿಸಿದ ಮರುದಿನ ಸತ್ತ ಹುಳು ಹುಡುಕುವವರಿಗೆ ಅದು ವಿಫಲವೆಂದೇ ತೋರುತ್ತದೆ. ಬೀಜದ ತಿರುಳಿನ ಶೇ. 5ರ ಕಷಾಯಕ್ಕೆ 100 ಲೀಟರ್ ನೀರಿಗೆ 5 ಕಿಲೋ ತಿರುಳಿನ ಹುಡಿ ಬೇಕು. ರಾತ್ರಿಯಿಡೀ ನೆನೆಸಿ ಸೋಸಿ, ಸೋಪಿನ ನೀರು ಬೆರೆಸಿ ಸಿಂಪಡಿಸಬೇಕು. ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗ ಕೆಡುವುದರಿಂದ ಸಂಜೆಯ ಹೊತ್ತು ಸೂಕ್ತ. ಏಣೆಲಿನಲ್ಲಿ ಮಳೆ ಬಿಡುವು ಕೊಡದಿದ್ದರೆ ಸಿಂಪಡಣೆಯೆಲ್ಲ ನೀರುಪಾಲು. ಆದ್ದರಿಂದ ಬೇವಿನ ಕಷಾಯಕ್ಕೆ ಈ ಜಿಲ್ಲೆಯಲ್ಲಿ ಸುಗ್ಗಿ ಬೆಳೆಯೇ ತಕ್ಕ ಕಾಲ.

*ಬೇವಿನೆಣ್ಣೆ–ಬೆಳ್ಳುಳ್ಳಿ ಮಿಶ್ರಣ.* ಕೇರಳ ಕೃಷಿ ವಿಶ್ವವಿದ್ಯಾಲಯ ಪ್ರಚಾರಕ್ಕೆ ತಂದ ಶೇ. 2ರ ಈ ಮಿಶ್ರಣದ 10 ಲೀಟರಿಗೆ 200 ಮಿ.ಲೀ. ಬೇವಿನೆಣ್ಣೆ, 200 ಗ್ರಾಂ ಬೆಳ್ಳುಳ್ಳಿ, 50 ಗ್ರಾಂ ಬಟ್ಟೆಸೋಪು ಬೇಕು. ಸೋಪನ್ನು ಅರ್ಧ ಲೀಟರ್ ಉಗುರುಬಿಸಿ ನೀರಿನಲ್ಲಿ ಕರಗಿಸಿ ಎಣ್ಣೆಗೆ ನಿಧಾನವಾಗಿ ಸುರಿಯುತ್ತ ಚೆನ್ನಾಗಿ ಕಲಕಬೇಕು. ಬೆಳ್ಳುಳ್ಳಿಯನ್ನು ಅರೆದು 300 ಮಿ.ಲೀ. ನೀರಿನಲ್ಲಿ ಹಿಂಡಿ ತೆಗೆದ ರಸವನ್ನು ಅದಕ್ಕೆ ಸೇರಿಸಿ, ಹೀಗೆ ಸಿಕ್ಕ ಒಂದು ಲೀಟರಿಗೆ 9 ಲೀಟರ್ ನೀರು ಬೆರೆಸಬೇಕು. ಎಣ್ಣೆ ಮೇಲೆ ತೇಲಿದರೆ ಮಿಶ್ರಣ ಸರಿಯಾಗಿಲ್ಲವೆಂದು ಅರ್ಥ. ಅದನ್ನು ಹಾಗೆಯೇ ಸಿಂಪಡಿಸಿದರೆ ಎಲೆ ಸುಡುತ್ತದೆ. ಮುಖ್ಯವಾಗಿ ತರಕಾರಿಯ ರಸಹೀರುವ ಕೀಟಗಳಿಗೆ ಬಳಸುವ ಈ ಮಿಶ್ರಣವನ್ನು ರೈತರು ಗದ್ದೆಗೂ ಒಯ್ದಿದ್ದಾರೆ.

*ಹೊಂಗೆ.* ಹೊಂಗೆಯ ಕರಂಜಿನ್‌ಗೆ ಕೀಟವಿಕರ್ಷಕ ಗುಣವಿದೆ. ಮಣ್ಣಿನಲ್ಲಿ ಅಮೋನಿಯ ನೈಟ್ರೇಟ್ ಆಗಿ ಬದಲಾಗುವುದನ್ನೂ ಅದು ತಡೆಯುತ್ತದೆ. ಬೇವಿನಲ್ಲಿಯೂ ಇದೇ ಗುಣವಿರುವುದರಿಂದ ಭಾರತ ಸರಕಾರ 2015ರಲ್ಲಿ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪನವನ್ನು ಕಡ್ಡಾಯಗೊಳಿಸಿತು.

*ಇಲಿ.* ಗ್ಲಿರಿಸೀಡಿಯಾದ ಎಲೆ, ತೊಗಟೆಗಳಲ್ಲಿ ಕೂಮರಿನ್ ಇದೆ. ಕೊಳೆತಾಗ ಬ್ಯಾಕ್ಟೀರಿಯಾಗಳು ಅದನ್ನು ರಕ್ತ ಹೆಪ್ಪುಗಟ್ಟದಂತೆ ಮಾಡುವ ಡೈಕೂಮರಾಲ್ ಆಗಿ ಮಾರ್ಪಡಿಸುತ್ತವೆ. ಈ ಸಸ್ಯವನ್ನು ಕಾಳಿನೊಂದಿಗೆ ಕುದಿಸಿ ಹುದುಗಿಸಿ ಇಲಿಪಾಷಾಣವಾಗಿ ಬಳಸುವ ಪದ್ಧತಿ ಅದರ ತವರಾದ ಮಧ್ಯ ಅಮೆರಿಕದಲ್ಲಿದೆ.

*ಕಣಜ.* ತುಳುನಾಡಿನಲ್ಲಿ ಬಿತ್ತನೆಯ ಭತ್ತವನ್ನು ಬೈಹುಲ್ಲಿನ ಮುಡಿಯಲ್ಲಿ ಕಟ್ಟಿಡುವುದು ಹಳೆಯ ಕ್ರಮ. ಬಿಗಿಯಾಗಿ ಸುತ್ತಿದ ಹುಲ್ಲು ತೇವವನ್ನು ಹೊರಗಿಡುತ್ತದೆ; ನಡುವೆ ಇಟ್ಟ ಒಣ ನೆಕ್ಕಿ ಅಥವಾ ಬೇವಿನ ಎಲೆ ಮೂತಿಹುಳು, ಪತಂಗಗಳನ್ನು ದೂರವಿಡುತ್ತದೆ.

ಸಸ್ಯಮೂಲವಲ್ಲದ ಕೆಲವು ಕ್ರಮಗಳು ಇವುಗಳ ಜೊತೆಗೇ ನಡೆಯುತ್ತವೆ. ಎಲೆಸುರುಳಿ ಬಿಡಿಸಲು ಪೈರಿನ ಮೇಲೆ ಮುಳ್ಳುಗೆಲ್ಲು ಎಳೆಯುವುದು, ಕೊಳವೆಹುಳುವಿಗೆ ನೀರು ಬಸಿಯುವುದು, ಕಾಂಡಕೊರಕದ ಮೊಟ್ಟೆಗಳ ಮೇಲೆ ಟ್ರೈಕೋಗ್ರಾಮ ಪರಾವಲಂಬಿ ಕಣಜಗಳನ್ನು ಬಿಡುವುದು, ಎಲೆ ಅಂಗಮಾರಿಗೆ ಸೆಗಣಿಯ ತಿಳಿ ಸಿಂಪಡಿಸುವುದು ಅವುಗಳಲ್ಲಿ ಸೇರಿವೆ. ಕಣೆನೊಣಕ್ಕೆ ಯಾವ ಕಷಾಯಕ್ಕಿಂತಲೂ ತಡೆಯುವ ತಳಿಯೇ ಮೇಲು. ಮಂಕೊಂಬು ಭತ್ತ ಸಂಶೋಧನಾ ಕೇಂದ್ರದ ಉಮಾ ತಳಿ ಅಂಥದ್ದು.

ಕೈಪಾಡ್: ಗೊಬ್ಬರ ಹಾಕದ ಗದ್ದೆ

ಕಣ್ಣೂರು, ಕೋಝಿಕ್ಕೋಡ್ ಮತ್ತು ಕಾಸರಗೋಡು ಜಿಲ್ಲೆಗಳ ಉಪ್ಪುನೀರಿನ ತಗ್ಗುಗಳಲ್ಲಿರುವ ಕೈಪಾಡ್ ಗದ್ದೆಗಳಿಗೆ ಹೊರಗಿನ ಗೊಬ್ಬರ ಬೇಕಾಗುವುದಿಲ್ಲ. ಬೇಸಿಗೆಯಲ್ಲಿ ಮಣ್ಣಿನ ಗುಪ್ಪೆಗಳನ್ನು ಮಾಡುತ್ತಾರೆ. ಮೊದಲ ಮಳೆ ಗುಪ್ಪೆಯ ಉಪ್ಪನ್ನು ತೊಳೆದ ಮೇಲೆ ಅವುಗಳ ಮೇಲೆ ಮೊಳಕೆ ಬಿತ್ತಿ, ಬಳಿಕ ಗುಪ್ಪೆ ಒಡೆದು ಸಸಿ ಹರಡುತ್ತಾರೆ. ಕೊಯ್ಲಿನಲ್ಲಿ ತೆನೆಯನ್ನು ಮಾತ್ರ ಕತ್ತರಿಸುತ್ತಾರೆ. ನೀರಿನಲ್ಲಿ ಉಳಿದ ಹುಲ್ಲು ಕೊಳೆತು ಭರತದೊಂದಿಗೆ ಒಳಬರುವ ಸಿಗಡಿ, ಮೀನುಗಳಿಗೆ ಆಹಾರವಾಗುತ್ತದೆ. ಅವುಗಳ ಹಿಕ್ಕೆ ಮತ್ತು ಹೊಳೆಯ ಮೆಕ್ಕಲು ಮುಂದಿನ ಬೆಳೆಗೆ ಸಾರ. ಈ ಗದ್ದೆಗಳಿಗಾಗಿ ಕೇರಳ ಕೃಷಿ ವಿಶ್ವವಿದ್ಯಾಲಯ ಏಳೋಂ-1 ಮತ್ತು ಏಳೋಂ-2 ತಳಿಗಳನ್ನು ರೂಪಿಸಿದೆ. ಕೈಪಾಡ್ ಅಕ್ಕಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಮಿತಿ ಮತ್ತು ಎಚ್ಚರಿಕೆಗಳು

ಸಸ್ಯಮೂಲವಾದುದೆಲ್ಲ ನಿರಪಾಯವಲ್ಲ. ಕಾಸರಕದ ಬೀಜ ಮನುಷ್ಯರಿಗೂ ದನಕರುಗಳಿಗೂ ಮಾರಕ. ಹೊಗೆಸೊಪ್ಪಿನ ಕಷಾಯದ ನಿಕೋಟಿನ್ ಚರ್ಮದ ಮೂಲಕವೂ ಒಳಸೇರುವ ವಿಷ; ಗದ್ದೆಯ ಮಿತ್ರಕೀಟಗಳನ್ನೂ ಅದು ಬಿಡುವುದಿಲ್ಲ. ಬೇವು, ಹೊಂಗೆ ಎಣ್ಣೆಗಳನ್ನು ಹೆಚ್ಚಾಗಿ ಬಳಸಿದರೆ ನೀರಿನ ಮೀನು, ಕಪ್ಪೆಮರಿಗಳಿಗೆ ತೊಂದರೆ. ಮನೆಯಲ್ಲಿ ಮಾಡಿದ ಕಷಾಯದ ತೀವ್ರತೆ ಮರ, ಋತು, ಬೀಜದ ವಯಸ್ಸಿಗೆ ತಕ್ಕಂತೆ ಬದಲಾಗುವುದರಿಂದ ಒಂದೇ ಪ್ರಮಾಣ ಎಲ್ಲ ಕಡೆ ಒಂದೇ ಫಲ ಕೊಡುವುದಿಲ್ಲ. ಜಿಗಿಹುಳು ಗದ್ದೆಯಲ್ಲಿ ಸುಟ್ಟ ಮಚ್ಚೆ ಎಬ್ಬಿಸಿದ ಮೇಲೆ ಕಷಾಯ ಹೊಡೆದು ಪ್ರಯೋಜನವಿಲ್ಲ.

ಸದ್ಯದ ಸ್ಥಿತಿ

ಜಿಲ್ಲೆಯಲ್ಲಿ ಸಾವಯವ ಕೃಷಿಯ ಚರ್ಚೆಗೆ ತೀವ್ರತೆ ಬಂದುದು ಭತ್ತದಿಂದಲ್ಲ, ಗೇರಿನಿಂದ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಲ್ಲಿ ಟೀ ಸೊಳ್ಳೆಯ ವಿರುದ್ಧ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಸೇರಿ ಹನ್ನೊಂದು ಪಂಚಾಯತುಗಳನ್ನು ಬಾಧಿತವೆಂದು ಗುರುತಿಸಲಾಗಿದೆ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಇದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಕೇರಳ ಸರಕಾರದ ಸಾವಯವ ಕೃಷಿ ನೀತಿ 2010ರಲ್ಲಿ ಬಂತು. 2015ರಲ್ಲಿ ಆರಂಭವಾದ ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆಯಡಿ ರೈತಗುಂಪುಗಳು ಪರಸ್ಪರ ಪರಿಶೀಲಿಸಿ ದೃಢೀಕರಿಸುವ ಪದ್ಧತಿ ಇದೆ. ರಫ್ತಿಗೆ ಬೇಕಾದ ರಾಷ್ಟ್ರೀಯ ಪ್ರಮಾಣೀಕರಣಕ್ಕೆ ಭತ್ತದಂಥ ವಾರ್ಷಿಕ ಬೆಳೆಯಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಪರಿವರ್ತನಾ ಅವಧಿ ಕಳೆಯಬೇಕು.

ಪಿಲಿಕೋಡಿನ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರ ಮತ್ತು ಪಡನ್ನಕ್ಕಾಡಿನ ಕೃಷಿ ಕಾಲೇಜು ಕೇರಳ ಕೃಷಿ ವಿಶ್ವವಿದ್ಯಾಲಯದ ಜಿಲ್ಲೆಯ ಕೇಂದ್ರಗಳು. ಊರಿನ ತಳಿಗಳ ಸಂರಕ್ಷಣೆಯಲ್ಲಿ ಬೆಳ್ಳೂರು ಪಂಚಾಯತಿನ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿ ಹೆಸರಾಗಿದ್ದಾರೆ. 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿರುವ ಅವರಿಗೆ 2024ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು. ಕಡಿಮೆ ಗೊಬ್ಬರದಲ್ಲಿ ಬೆಳೆಯುವ, ನೀರು ನಿಂತರೂ ತಾಳುವ ತಳಿಗಳು ಉಳಿದಷ್ಟೂ ಸೊಪ್ಪುಗೊಬ್ಬರದ ಬೇಸಾಯಕ್ಕೆ ಬೀಜದ ಆಸರೆ ಇರುತ್ತದೆ.

ಗದ್ದೆ ಮಾತ್ರ ಕಡಿಮೆಯಾಗುತ್ತಲೇ ಬಂದಿದೆ. ಕೇರಳದ ಭತ್ತದ ಕ್ಷೇತ್ರ 1974–75ರಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಇದ್ದುದು ಈಗ 2 ಲಕ್ಷದ ಆಸುಪಾಸಿಗೆ ಇಳಿದಿದೆ. ಜಿಲ್ಲೆಯ ಉತ್ತರ ಭಾಗದಲ್ಲಿ ಮಜಲು, ಬೆಟ್ಟುಗಳೆಲ್ಲ ಅಡಿಕೆ ತೋಟಗಳಾದವು. ಗದ್ದೆ ಮುಚ್ಚುವುದನ್ನು ತಡೆಯಲು 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾನೂನು ಬಂತು. 2020ರಿಂದ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ 2,000 ರೂಪಾಯಿಯ ರಾಯಧನವನ್ನು ರಾಜ್ಯ ಸರಕಾರ ಆರಂಭಿಸಿ, ಬಳಿಕ ಅದನ್ನು 3,000ಕ್ಕೆ ಏರಿಸಿತು. ಗುಡ್ಡದ ಕಡೆಯ ಬದಲಾವಣೆ ಇದಕ್ಕಿಂತಲೂ ದೊಡ್ಡದು. ಸೊಪ್ಪಿನ ಗುಡ್ಡಗಳಲ್ಲಿ ರಬ್ಬರು, ಗೇರು, ಮನೆ ನಿವೇಶನ, ಮುರಕಲ್ಲಿನ ಕೋರೆಗಳು ಬಂದವು. ಹಟ್ಟಿಗಳು ಬರಿದಾದವು, ಸೊಪ್ಪು ಹೊರುವ ಕೂಲಿ ಏರಿತು. ಸೊಪ್ಪುಗೊಬ್ಬರದ ಬೇಸಾಯಕ್ಕೆ ಇಂದು ಕೊರತೆಯಾಗಿರುವುದು ತಿಳಿವಳಿಕೆಗಿಂತ ಹೆಚ್ಚಾಗಿ ಸೊಪ್ಪೇ. ಉಳಿದ ಬೈಲುಗಳಲ್ಲಿ ಹುಣಿಯ ಮೇಲಿನ ಗ್ಲಿರಿಸೀಡಿಯಾ, ಸುಗ್ಗಿಯ ಬಳಿಕದ ದ್ವಿದಳ ಧಾನ್ಯ, ಅಂಗಡಿಯ ಬೇವಿನ ಹಿಂಡಿ ಹಾಗೂ ಚೀಲದಲ್ಲಿ ಬರುವ ಕಂಪೋಸ್ಟ್ ಆ ಜಾಗವನ್ನು ತುಂಬುತ್ತಿವೆ.